ಪಟ್ಟಿ ಲಾಕನ್ನು ನಂಬುವ ಮೊದಲು

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆಮೇಲೆ ಬಹಳ ಮಂದಿ ಕೇಳಿದರೆಂದು ಆ ಬದುವಿಗೆ ಮತ್ತೆ ಹೋಗಿ ಅಳೆದು ನೋಡಿದ್ದೇನೆ, ನಾಲ್ಕೇ ಹೆಜ್ಜೆ. ಬೆಳಗಿನ ಒಂಬತ್ತರ ಹೊತ್ತು. ಬಿಸಿಲು ನನ್ನ ಬೆನ್ನ ಹಿಂದಿನಿಂದ ಬಂದು ಅಕ್ಕನ ಕೈ ಮೇಲೆ ನೇರವಾಗಿ ಬೀಳುತ್ತಿತ್ತು, ಹಾಗಾಗಿ ಕಣ್ಣು ಕೋರೈಸಿತು ಎಂದು ನಾನು ಹೇಳುವಂತಿಲ್ಲ. ಅಕ್ಕ ತನ್ನ ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕಾಲುವೆಯಿಂದ ನೀರು ಎಳೆಯುವ ಕರಿ ಪೈಪಿನ ಬಾಯಿ ಸೀಳಿತ್ತು, ಸೀಳಿದಷ್ಟನ್ನು ಕೊಯ್ದು ತೆಗೆಯಬೇಕಿತ್ತು. ಪೈಪನ್ನು ಹಿಡಿದುಕೊಳ್ಳಲೇ ಎಂದು ಕೇಳಿದೆ.

"ಬ್ಯಾಡ, ನೀ ಅಲ್ಲೇ ನಿಂದ್ರು. ಸರಕಾರಿ ಪ್ಯಾಂಟಿಗಿ ಕೆಸರು ಹತ್ತತದ," ಅಂದಳು.

ಚಾಕು ಮಡಚುವಂಥದು. ಅಲಗು ಪೈಪಿನಲ್ಲಿ ಅರ್ಧ ಇಳಿದು ಸಿಕ್ಕಿಕೊಂಡಿತು. ಅಕ್ಕ ಹಿಡಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಚಿದಳು. ಬರಲಿಲ್ಲ. ಅಲಗಿನ ತುದಿ ಮೇಲೇಳಲಿ ಎಂದು ಹಿಡಿಯನ್ನು ಕೆಳಕ್ಕೆ ಅದುಮಿದಳು. ಆಗ ಚಾಕು ಮಡಚಿಕೊಂಡಿತು. ಅಲಗು ಪೈಪಿನಲ್ಲೇ ಇತ್ತು. ಹಿಡಿ ಅವಳ ಬೆರಳುಗಳನ್ನು ತೆಗೆದುಕೊಂಡು ಹೋಗಿ ಅಲಗಿನ ಬಾಯಿಗೆ ಕೊಟ್ಟಿತು. ಅವಳು ಕೂಗಲಿಲ್ಲ. ಕೈಯನ್ನು ಮುಖದ ಹತ್ತಿರ ತಂದು, ಏನೋ ಓದುವವರ ಹಾಗೆ ನೋಡಿದಳು.

ಅವಳ ಹೆಬ್ಬೆರಳು ಎಲ್ಲಿತ್ತು ಎಂಬುದಕ್ಕಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಅದು ಹಿಡಿಯ ಬೆನ್ನಿನ ಮೇಲಿತ್ತು. ಒತ್ತಿ ಹಿಡಿದದ್ದರಿಂದ ಉಗುರು ಬೆಳ್ಳಗಾಗಿತ್ತು. ನಾನು ಕಂಡಿದ್ದೇನೆ.

ಲಾಕು ಇರುವುದು ಹಿಡಿಯ ಹೊಟ್ಟೆಯ ಕಡೆ, ಅಲಗು ಮಡಚಿ ಕೂರುವ ಉದ್ದನೆಯ ತೋಡಿನಲ್ಲಿ. ಹಿಡಿಯ ಎರಡೂ ಪಕ್ಕಕ್ಕೆ ಒಳಗಿನಿಂದ ತೆಳ್ಳನೆಯ ತಗಡು ಇರುತ್ತದೆ. ಒಂದು ಪಕ್ಕದ ತಗಡನ್ನು ಉದ್ದಕ್ಕೆ ಸೀಳಿ, ಸೀಳಿದ ಪಟ್ಟಿಯನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ಬಿಚ್ಚಿದಾಗ ಆ ಪಟ್ಟಿ ಚಿಮ್ಮಿ ಬಂದು ಅಲಗಿನ ಹಿಮ್ಮಡಿಗೆ, ಅಂದರೆ ಹಿಡಿಯೊಳಗಿನ ಅದರ ಬುಡಕ್ಕೆ, ಅಡ್ಡ ನಿಲ್ಲುತ್ತದೆ. ಅದು ಅಲ್ಲಿ ನಿಂತಿರುವವರೆಗೆ ಅಲಗು ಮಡಚುವುದಿಲ್ಲ. ಮಡಚಬೇಕೆಂದರೆ ಹೆಬ್ಬೆರಳನ್ನು ತೋಡಿಗೆ ತಂದು ಪಟ್ಟಿಯನ್ನು ಪಕ್ಕಕ್ಕೆ ತಳ್ಳಬೇಕು. ಇಂಗ್ಲಿಷಿನಲ್ಲಿ ಲೈನರ್ ಲಾಕ್ ಅನ್ನುತ್ತಾರಂತೆ. ನಮ್ಮ ಕಡೆಯ ಸಂತೆಗಳಲ್ಲಿ ಪಟ್ಟಿ ಲಾಕು.

ಬೆನ್ನಿನ ಮೇಲಿದ್ದ ಹೆಬ್ಬೆರಳು ಹೊಟ್ಟೆಯ ಕಡೆಯ ಪಟ್ಟಿಯನ್ನು ತಳ್ಳಲಾರದು. ಇಷ್ಟೇ ವಿಷಯ. ಆದರೆ ಇದನ್ನು ಯಾರೂ ಒಪ್ಪಲಿಲ್ಲ.

ಶಹಾಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ತೋರುಬೆರಳು, ನಡುಬೆರಳು ಎರಡರಲ್ಲೂ ಬೆರಳು ಮಡಚುವ ನರ ತುಂಡಾಗಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದ್ದು ಅಕ್ಕನನ್ನು. ಉತ್ತರ ಕೊಟ್ಟವನು ಭಾವ.

"ಲಾಕು ಒತ್ತಿಬಿಟ್ಟಾಳ್ರಿ ಸಾಹೇಬ್ರ. ಅವಸರದ ಕೈ."

"ನಾ ಒತ್ತಿಲ್ಲ," ಅಂದಳು ಅಕ್ಕ.

"ಒತ್ತಲಾರದ ಮಡಚತದೇನು? ಲಾಕು ಅಂದ್ರ ಲಾಕು."

ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ಏನು ಬರೆದರು ಎಂದು ನಾನು ಬಗ್ಗಿ ನೋಡಿದೆ. ಭಾವ ಹೇಳಿದ್ದನ್ನೇ ಬರೆದಿದ್ದರು.

ಅಲ್ಲಿಂದ ಮುಂದೆ ನೋಡಲು ಬಂದವರೆಲ್ಲ ಅದನ್ನೇ ಅಂದರು. ಪಾಪ, ಗೊತ್ತಾಗದೆ ಒತ್ತಿರಬೇಕು. ಅಕ್ಕ ಕೌದಿ ಹೊಲಿಯುವವಳು. ಅವಳ ಕೌದಿಗಳಿಗಾಗಿ ವನದುರ್ಗದಿಂದಲೂ ಹಳೆ ಸೀರೆಗಳ ಗಂಟು ಬರುತ್ತಿತ್ತು. ಇನ್ನು ಸೂಜಿ ಹಿಡಿಯಲು ಆಗುವುದಿಲ್ಲ ಎಂದು ಗೊತ್ತಾದ ದಿನ ಅವಳು ಬಂದಿದ್ದ ಗಂಟುಗಳನ್ನು ತಿರುಗಿ ಕಳಿಸಿದಳು, ಅಷ್ಟೇ. ಆದರೆ ಯಾರಾದರೂ "ಗೊತ್ತಾಗದ ಒತ್ತಿರಬೇಕು ತಗೋ" ಅಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ದಿನ ನನ್ನನ್ನು ಕೇಳಿದಳು:

"ನೀ ಅಲ್ಲೇ ಇದ್ದೆಲ್ಲ ತಮ್ಮ. ನೀ ಏನು ಕಂಡಿ?"

"ಹೆಬ್ಬೆರಳು ಮ್ಯಾಲಿತ್ತು."

"ಮತ್ತ ನೀ ಯಾಕ ಹೇಳವಲ್ಲಿ?"

ಹೇಳಿದ್ದೆ. ಮೆತ್ತಗೆ ಹೇಳಿದ್ದೆ. ನನಗೆ ಕಾಲುವೆಯ ಗೇಜು ಓದುವ ಕೆಲಸ. ಗೋಡೆಯ ಮೇಲೆ ಗೀರಿದ ಅಳತೆಯ ಎದುರು ನಿಂತು, ಅಲೆ ತಣ್ಣಗಾಗುವವರೆಗೆ ಕಾದು, ನೀರು ಯಾವ ಗೆರೆಗೆ ನಿಂತಿದೆಯೋ ಅದನ್ನು ಬರೆಯಬೇಕು. ಹೆಚ್ಚು ಬರೆದರೆ ಕೊನೆಯ ಹೊಲದವರು ಜಗಳಕ್ಕೆ ಬರುತ್ತಾರೆ, ಕಡಿಮೆ ಬರೆದರೆ ಮೇಲಿನವರು ಬರುತ್ತಾರೆ. ಹಾಗಾಗಿ ಕಂಡದ್ದನ್ನು ಹೇಳಿ ಸುಮ್ಮನಾಗುವುದು ನನಗೆ ರೂಢಿ. ಜಗಳ ಆಡಿ ನಂಬಿಸುವುದು ಗೊತ್ತಿರಲಿಲ್ಲ.

ಇನ್ನೊಂದು ಮಾತು. ಆ ಚಾಕು ತಂದುಕೊಟ್ಟವನು ನಾನು. ಅದಕ್ಕೆ ಮೊದಲು ಅಕ್ಕನ ಹತ್ತಿರ ಒಂದು ಹಳೆಯ ಮಡಚುವ ಚಾಕು ಇತ್ತು, ಮರದ ಹಿಡಿಯದು, ಲಾಕೇ ಇಲ್ಲದ್ದು. ಮದುವೆಯಾದ ಹೊಸದರಿಂದ ಬಳಸಿದ್ದಳು, ಒಂದು ಗೀರೂ ಮಾಡಿಕೊಂಡಿರಲಿಲ್ಲ. ಮಡಚುತ್ತದೆ ಎಂದು ಗೊತ್ತಿರುವ ಕೈ ಆ ದಿಕ್ಕಿಗೆ ಬಲ ಹಾಕುವುದೇ ಇಲ್ಲ. ಲಾಕು ಇದೆ ಎಂದು ನಾನು ಹೇಳಿದ ಮೇಲೆ ಹಾಕಿತು.

ಕೆಂಭಾವಿಯ ಸಂತೆಗೆ ಹೋಗಿ ಚಾಕು ಮಾರಿದವನ ಮುಂದೆ ನಿಂತೆ. ಸಂತೆಯಿಂದ ಸಂತೆಗೆ ತಿರುಗುವವನು. ತಾಡಪಾಲು ಹಾಸಿ ಬ್ಯಾಟರಿ, ಬೀಗ, ಕತ್ತರಿ, ಉಗುರು ಕತ್ತರಿಸುವ ಸಾಮಾನು, ನಡುವೆ ಹತ್ತು ಹದಿನೈದು ಚಾಕುಗಳನ್ನು ಬೀಸಣಿಕೆಯ ಹಾಗೆ ಜೋಡಿಸಿಟ್ಟಿದ್ದ. ಆದದ್ದನ್ನು ಹೇಳಿದೆ. ಅವನು ಒಂದು ಚಾಕು ಎತ್ತಿಕೊಂಡು ಟಪ್ಪನೆ ಬಿಚ್ಚಿದ.

"ಕೇಳಿದ್ರೇನು ಸಪ್ಪಳ? ಇಂಥಾ ಲಾಕು ತಾನಾಗಿ ಬಿಡತದೇನ್ರಿ? ಅಕ್ಕೋರು ಒತ್ಯಾರ. ಉಳ್ಳಾಗಡ್ಡಿ ಹೆಚ್ಚೋ ಕೈಯಾಗ ಇಂಥಾ ಮಾಲು ಯಾಕ ಕೊಟ್ರಿ ನೀವು?"

ಸುತ್ತ ನಿಂತವರು ನಕ್ಕರು. ಒಬ್ಬ ಮುದುಕನಂತೂ ಕೆಮ್ಮು ಬರುವಷ್ಟು ನಕ್ಕ. ನಾನು ತಿರುಗಿ ಬಂದೆ. ಊರಿಗೆ ಹೋಗುವ ಟಂಟಂ ಆಟೋದಲ್ಲಿ ಕುಳಿತೆ. ಅವನಿಗೆ ಪೆಟ್ಟಾಗಬೇಕು ಎಂದು ನನಗೆ ಅನಿಸಿತು. ಹೊಡೆತದ ಪೆಟ್ಟಲ್ಲ. ಅದೇ ಜಾಗದಲ್ಲಿ, ಅಷ್ಟೇ ಮಂದಿಯ ನಡುವೆ, ಅವನ ಬಾಯಿಂದಲೇ ಮಾತು ಹೊರಡಬೇಕು. ಅಂಥ ಆಸೆ ನನಗೆ ಅದಕ್ಕೆ ಮೊದಲು ಯಾರ ಮೇಲೂ ಹುಟ್ಟಿರಲಿಲ್ಲ. ಅದು ಹುಟ್ಟಿದ ಮೇಲೆ ಊಟ ಚೆನ್ನಾಗಿ ಸೇರತೊಡಗಿತು ಎಂಬುದನ್ನೂ ಹೇಳಬೇಕು.

ಸುರಪುರದಲ್ಲಿ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವ ಚಾಚಾ ಒಬ್ಬರಿದ್ದರು. ಅಪ್ಪನ ಕಾಲದಿಂದ ಪರಿಚಯ. ಅವರ ಹತ್ತಿರ ಆ ಚಾಕು ತೆಗೆದುಕೊಂಡು ಹೋದೆ. ಅಂದಿನಿಂದ ಅದನ್ನು ಯಾರೂ ಮುಟ್ಟಬಾರದೆಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಚಾಚಾ ಕನ್ನಡಕವನ್ನು ಹಣೆಗೆ ಏರಿಸಿ, ಚಾಕು ಕಣ್ಣಿನ ಹತ್ತಿರ ತಂದರು.

"ಲಾಕು ಬರೋಬ್ಬರಿ ಅದನೋ ಇಲ್ಲೋ ಹೆಂಗ ನೋಡಬೇಕು ಚಾಚಾ?"

"ಮೊದಲು ಸಪ್ಪಳಕ್ಕ ಮರುಳಾಗಬ್ಯಾಡ ಬೇಟಾ. ಜೋರಾಗಿ ಬಿಚ್ಚಿದ್ರ ಎಲ್ಲಾ ಲಾಕೂ ಸಿಪಾಯಿನೇ. ಮೆಲ್ಲಗ ಬಿಚ್ಚು."

ಅವರು ತೋರಿಸಿದ್ದನ್ನು ನಾನು ಗೇಜಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ, ಇವತ್ತಿಗೂ ಹಾಗೇ ಮಾಡುತ್ತೇನೆ. ಅಲಗನ್ನು ಮೆಲ್ಲಗೆ ಬಿಚ್ಚಿ ಬೆಳಕಿಗೆ ಹಿಡಿದು, ಪಟ್ಟಿ ಎಲ್ಲಿ ಬಂದು ನಿಂತಿದೆ ಎಂದು ನೋಡಬೇಕು. ಅಲಗಿನ ಹಿಮ್ಮಡಿಯ ಅಗಲದಲ್ಲಿ ಅರ್ಧದ ಆಸುಪಾಸಿಗೆ ಅದು ಬಂದಿರಬೇಕು. ಅಂಚಿಗಷ್ಟೇ ತಾಗಿ ನಿಂತಿದ್ದರೆ ಇವತ್ತಲ್ಲ ನಾಳೆ ಜಾರುತ್ತದೆ. ದಾಟಿ ಆಚೆಯ ತಗಡನ್ನು ಮುಟ್ಟಿದ್ದರೆ ಆಗಲೇ ಸವೆದಿದೆ ಎಂದರ್ಥ. ಆಮೇಲೆ ಅಲಗಿನ ಬಾಯಿಗೆ ದಪ್ಪ ಬಟ್ಟೆ ಸುತ್ತಿ ಕಟ್ಟಬೇಕು. ಹಿಡಿಯನ್ನು ಎರಡೂ ಪಕ್ಕಗಳಿಂದ ಅಂಗೈಯಲ್ಲಿ ಹಿಡಿಯಬೇಕು, ಒಂದು ಬೆರಳೂ ತೋಡಿನ ಕಡೆ ಬರಬಾರದು. ಅಲಗಿನ ಬೆನ್ನನ್ನು ಮರಕ್ಕೆ ಒತ್ತಿ ಭಾರ ಹಾಕಬೇಕು. ಅದು ತಡೆದರೆ, ಭಾರ ಹಾಕುತ್ತಲೇ ಎಡಬಲಕ್ಕೆ ತಿರುಚಬೇಕು. ಅದನ್ನೂ ತಡೆದರೆ, ಬೆನ್ನನ್ನು ಮರಕ್ಕೆ ತಟ್ಟಬೇಕು.

"ಎಷ್ಟು ಜೋರಾಗಿ?"

"ಬೀಗರ ಮನಿ ಬಾಗಿಲಾ ಬಡಿದಂಗ. ಪೊಲೀಸ್ರು ಬಡಿದಂಗಲ್ಲ. ಎಷ್ಟನೇ ಏಟಿಗಿ ಬೀಳತದ, ಎಣಿಸು."

ಅಕ್ಕನ ಚಾಕುವಿಗೆ ಬಟ್ಟೆ ಸುತ್ತಿ ಅವರೇ ತಟ್ಟಿದರು. ಮೊದಲನೆಯ ಏಟಿಗೆ ಮಡಚಿತು. ಮತ್ತೆ ಬಿಚ್ಚಿ ತಟ್ಟಿದರು. ಮತ್ತೆ ಮೊದಲನೆಯ ಏಟಿಗೆ. ನನ್ನ ಎದೆ ಹಗುರವಾಯಿತು. ಹೆಬ್ಬೆರಳಿನ ಮಾತು ಖರೆಯಾಯಿತು. ಆ ಸಂತೆಯವನ ಮುಖವನ್ನು ಆಗಲೇ ಕಣ್ಣ ಮುಂದೆ ತಂದುಕೊಂಡು ನಿಂತೆ.

ಚಾಚಾ ಮಾತ್ರ ಚಾಕು ಕೆಳಗಿಡಲಿಲ್ಲ. ಒಂದು ದಬ್ಬಳ ತೆಗೆದುಕೊಂಡು ಪಟ್ಟಿಯ ಸಂದಿಯಲ್ಲಿ ಕೆದಕಿದರು. ಬೂದುಬಣ್ಣದ ಮೇಣದಂಥ ವಸ್ತು ಸುರುಳಿಯಾಗಿ ಬಂತು. ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

"ಇದರಾಗ ಬೂದಿ ಅದ. ಎಣ್ಣಿ, ಬೂದಿ. ಈ ಕೆಲಸ ಆಗೂದ್ಕ ಮುಂಚೆ ನಿಮ್ಮ ಖಂಡೆ ಪೂಜಾ ಆಗಿತ್ತೇನು?"

ಆಗಿತ್ತು. ಮಹಾನವಮಿಯ ದಿನ ನಮ್ಮಲ್ಲಿ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಕುಡುಗೋಲು, ಕೊಡಲಿ, ಈಳಿಗೆ, ಕತ್ತರಿ, ಯಾವುದೂ ಬಿಡುವುದಿಲ್ಲ. ಹಚ್ಚಿದ್ದನ್ನು ಒರೆಸಬಾರದು, ಕೆಲಸ ಮಾಡುತ್ತಾ ತಾನಾಗಿ ಹೋಗಬೇಕು. ಕುಡುಗೋಲಿಗೆ, ಕೊಡಲಿಗೆ ಅದರಿಂದ ಏನೂ ಆಗುವುದಿಲ್ಲ. ಆ ವರ್ಷ ಭಾವನಿಗೆ ಜ್ವರ, ಹಾಗಾಗಿ ಅಕ್ಕನ ಮನೆಯ ಪೂಜೆಗೆ ನಾನು ಕುಳಿತಿದ್ದೆ. ಹೊಸ ಚಾಕು ಎಂದು ಅದನ್ನು ಬಿಚ್ಚಿ ನಡುವೆ ಇಟ್ಟು, ಎಣ್ಣೆ ಧಾರಾಳವಾಗಿ ಬಿಟ್ಟು, ಅಲಗು ಮತ್ತು ಹಿಡಿ ಕೂಡುವ ಜಾಗಕ್ಕೆ ಸರಿಯಾಗಿ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದೆ. ಅಕ್ಕ ಪೈಪು ಕೊಯ್ದದ್ದು ಮೂರನೆಯ ದಿನ.

"ದಸರಾ ಆದ ಮ್ಯಾಲ ನನಗ ಕೆಲಸ ಜಾಸ್ತಿ," ಅಂದರು ಚಾಚಾ, ನಗುತ್ತ. "ನಿಮ್ಮ ದೇವ್ರು ಒಂದು ದಿನಕ್ಕ ಅಂತ ಬರ್ತಾನ, ಮಂದಿ ಕತ್ತರಿಯಾಗ ದೀಪಾವಳಿ ತನಕ ಕೂಡತಾನ." ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಸೀಮೆಎಣ್ಣೆಯಲ್ಲಿ ಅದನ್ನು ತೊಳೆದರು. ದಬ್ಬಳದಿಂದ ಸಂದಿಯೆಲ್ಲ ತೆಗೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಟ್ಟರು. ಪಟ್ಟಿ ಈಗ ಮೊದಲಿಗಿಂತ ಚೂರು ಒಳಕ್ಕೆ ಬಂದು ನಿಂತಿತು. ಆದರೂ ಅರ್ಧಕ್ಕೆ ಬರಲಿಲ್ಲ. ತಟ್ಟಿದರು. ಒಂದು, ಎರಡು, ಮೂರು. ಏಳನೆಯ ಏಟಿಗೆ ಮಡಚಿತು. ಮತ್ತೆ ತಟ್ಟಿದರು, ಮತ್ತೆ ಏಳಕ್ಕೆ. ಮೂರನೆಯ ಸಲ ಆರಕ್ಕೆ. ರಿಪೇರಿಗೆ ಬಂದಿದ್ದ ಬೇರೆಯವರ ಪಟ್ಟಿ ಲಾಕಿನ ಚಾಕು ಒಂದಿತ್ತು. ಅದನ್ನೂ ತಟ್ಟಿ ತೋರಿಸಿದರು. ಐವತ್ತು ಏಟಿಗೂ ಅದು ಅಲ್ಲಾಡಲಿಲ್ಲ. ಅಂದರೆ ಪಟ್ಟಿ ಲಾಕು ಎಂಬುದೇ ಕೆಟ್ಟದ್ದಲ್ಲ. ಇದು ಕೆಟ್ಟದ್ದು.

"ತೊಳದ್ರೂ ಖರಾಬೇ," ಅಂದರು ಚಾಚಾ. "ಆದ್ರ ಒಂದು ಏಟಿಗೂ ಏಳು ಏಟಿಗೂ ಫರಕ್ ಅದ."

"ಬೂದಿ ಇರಲಾರದಿದ್ರ? ಏಳು ಸಲ ಅದುಮ್ತಿದ್ದಳೇನು ಅಕ್ಕ?"

"ನನಗೇನು ಗೊತ್ತು? ಅಲ್ಲಿ ನಿಂತಾಂವ ನೀ. ಎರಡೂ ನೋಡೀದಿ, ಎರಡೂ ಹೇಳು."

ಸುರಪುರದ ಬಸ್‌ ನಿಲ್ದಾಣದ ತನಕ ನಡೆದು ಬರುವಾಗ ನಾನು ಒಂದನ್ನೇ ಹೇಳಲು ನಿಶ್ಚಯಿಸಿದೆ. ಎರಡೂ ಹೇಳಿದರೆ ಆ ಸಂತೆಯವನು ಬೂದಿಯ ಹಿಂದೆ ಅಡಗುತ್ತಾನೆ. ಅವನಿಗೆ ಅಡಗಲು ಜಾಗ ಕೊಡುವ ಮನಸ್ಸು ನನಗಿರಲಿಲ್ಲ.

ಮುಂದಿನ ಸಂತೆಗೆ ಜಾಲಿಮರದ ಒಂದು ತುಂಡು, ದಪ್ಪ ಬಟ್ಟೆಯ ಪಟ್ಟಿಗಳು, ತೊಳೆದ ಚಾಕು ಇಷ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಗಿರಾಕಿಗಳು ತುಂಬುವ ಹೊತ್ತಿಗೆ ಕಾದು, ಅವನ ತಾಡಪಾಲಿನ ಮುಂದೆ ಮರದ ತುಂಡು ಇಟ್ಟು ಕುಳಿತೆ.

"ಮತ್ತ ಬಂದ್ರೇನ್ರಿ?" ಅಂದ.

"ಬಂದೆ. ಹೋದ ವಾರ ನನ್ನ ಅಕ್ಕಂದು ಉಳ್ಳಾಗಡ್ಡಿ ಹೆಚ್ಚೋ ಕೈ ಅಂದಿ. ಖರೆ ಇರಬಹುದು. ನಿನ್ನ ಮಾಲು ಛಲೋ ಇದ್ರ ಒಂದು ಹತ್ತು ಚಾಕು ಇತ್ತ ಕೊಡು. ನಾ ಪಟ್ಟಿ ಮುಟ್ಟಂಗಿಲ್ಲ. ಮಂದಿ ನೋಡಲಿ."

ಅವನು ಹಿಂದೆಮುಂದೆ ನೋಡಿದ. ಪಕ್ಕದಲ್ಲಿ ಬಳೆ ಮಾರುತ್ತಿದ್ದವಳು, "ಕೊಡೋ ಯಪ್ಪಾ, ಮುಟ್ಟಿದ್ರ ಮೈಲಿಗಿ ಆಗತಾವೇನು ನಿನ್ನ ಚಾಕು!" ಅಂದಳು. ಮಂದಿ ನಕ್ಕರು. ಈ ಸಲದ ನಗೆ ಬೇರೆ ಕಡೆಗೆ ತಿರುಗಿತ್ತು. ಅವನು ಹತ್ತು ಚಾಕು ಎಣಿಸಿ ಕೊಟ್ಟ.

ಒಂದೊಂದನ್ನೂ ಮೆಲ್ಲಗೆ ಬಿಚ್ಚಿದೆ. ಪಟ್ಟಿ ಎಲ್ಲಿ ನಿಂತಿದೆ ಎಂದು ಹತ್ತಿರದವರಿಗೆ ತೋರಿಸಿದೆ. ಬಟ್ಟೆ ಸುತ್ತಿದೆ. ಒತ್ತಿದೆ, ತಿರುಚಿದೆ, ತಟ್ಟಿದೆ. ಮೊದಲನೆಯದು ಬರೇ ಒತ್ತಿದ್ದಕ್ಕೇ ಮಡಚಿತು. ಎರಡನೆಯದು ತಿರುಚಿದಾಗ. ಮೂರನೆಯದು ನಾಲ್ಕು ಏಟಿಗೆ. ನಾಲ್ಕನೆಯದು ನಿಂತಿತು, ನಿಂತಿದೆ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಮಂದಿ ತಾವೇ ಏಟು ಎಣಿಸತೊಡಗಿದರು. ಆರನೆಯದು ಎರಡನೆಯ ಏಟಿಗೆ ಬಿದ್ದಾಗ ಯಾರೋ ಹಿಂದಿನಿಂದ ಕೂಗಿದ: "ಲಾಕಲ್ಲೋ ಇದು, ಬಾಗಿಲಿಗಿ ಬಿಟ್ಟ ಪರದಿ!" ಹತ್ತರಲ್ಲಿ ಎಂಟು ಮಡಚಿದವು.

ಇದನ್ನು ಕಾಲು ಗಂಟೆಯಲ್ಲಿ ಮುಗಿಸಬಹುದಿತ್ತು. ನಾನು ಬೇಕೆಂದೇ ತಡ ಮಾಡಿದೆ. ಒಂದು ಮಡಚಿದ ಮೇಲೆ ಅದರ ಬಟ್ಟೆ ಬಿಚ್ಚಿ, ಮಡಚಿ, ಅವನ ಮುಂದೆ ನೆಟ್ಟಗೆ ಇಟ್ಟು, ಅವನ ಮುಖ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಿದ್ದೆ. ಅವನ ಮೇಲ್ದುಟಿಯ ಮೇಲೆ ಬೆವರು ಕೂಡಿತು. ಆಗಲೇ ಚಾಕು ಕೊಂಡಿದ್ದ ಇಬ್ಬರು ಬಂದು ತಾಡಪಾಲಿನ ಮೇಲೆ ಎಸೆದು ಹೋದರು. ನನಗೆ ಆಗ ಆದ ಹಿತವನ್ನು ಮುಚ್ಚಿಡುವುದಿಲ್ಲ. ಬಿಸಿಲಲ್ಲಿ ದಣಿದು ಬಂದವನಿಗೆ ಮಡಕೆಯ ತಣ್ಣೀರು ಸಿಕ್ಕಂತೆ ಇತ್ತು.

ಕೊನೆಗೆ ಅಕ್ಕನ ಚಾಕು ತೆಗೆದೆ. "ಇದು ನೀ ಮಾರಿದ್ದು. ಇದರಿಂದ ಎರಡು ಬೆರಳು ಹೋದವು," ಅಂದೆ. ತಟ್ಟಿದೆ. ಮಂದಿ ಎಣಿಸಿದರು. ಏಳಕ್ಕೆ ಬಿತ್ತು.

ಅವನು ಅದನ್ನು ಎತ್ತಿಕೊಂಡು ಸಂದಿ ನೋಡಿದ. ದಡ್ಡನಲ್ಲ. ಸಾಮಾನು ಮಾರುವವರಿಗೆ ಸಾಮಾನು ಗೊತ್ತಿರುತ್ತದೆ.

"ಭಾರಿ ಸ್ವಚ್ಛ ಅದಲ್ರಿ ಇದು. ತೊಳದೀರೇನು? ಅಕ್ಕೋರು ಕೊಯ್ದಾಗೂ ಹಿಂಗೇ ಇತ್ತೇನು?"

"ಹಿಂಗೇ ಇತ್ತು," ಅಂದೆ.

ನೀರಿನ ಗೆರೆಯನ್ನು ಒಂದು ಕೂದಲಿನಷ್ಟೂ ತಪ್ಪು ಬರೆಯದ ನಾನು, ಮೂವತ್ತು ಮಂದಿಯ ಮುಂದೆ ಅಷ್ಟು ಸಲೀಸಾಗಿ ಅದನ್ನು ಅಂದೆ. ಅವನು ಚಾಕು ಕೆಳಗಿಟ್ಟ.

"ಆತ್ರೀ, ತಪ್ಪಾತು. ಅಕ್ಕೋರ ಕೈ ತಪ್ಪಲ್ಲ."

"ಹಿಂದಿನವರಿಗಿ ಕೇಳಿಸಲಿಲ್ಲ."

"ಅಕ್ಕೋರ ಕೈ ತಪ್ಪಲ್ರೀ! ಮಾಲೇ ಖೊಟ್ಟಿ!"

ಮನೆಗೆ ಬಂದು ಹೇಳಿದೆ. ಅಕ್ಕ ಕಟ್ಟೆಯ ಮೇಲೆ ಕೂತು ಕೇಳಿದಳು. ಗಾಯವಾದ ಮೇಲೆ ಅವಳ ಮುಖದಲ್ಲಿ ನಗೆ ಕಂಡದ್ದು ಅವತ್ತೇ.

"ಎಷ್ಟು ಮಂದಿ ಇದ್ರು?"

"ಮೂವತ್ತರ ಮ್ಯಾಲ."

"ಗಟ್ಟಿಯಾಗಿ ಅಂದನೇನು?"

"ಎರಡು ಸಲ ಅನಿಸೀನಿ."

"ಮತ್ತೊಮ್ಮಿ ಹೇಳು. ಮೊದಲಿಂದ ಹೇಳು."

ಮೊದಲಿನಿಂದ ಹೇಳಿದೆ. ಹೇಳುವಾಗ ನನಗೆ ಒಂದೂ ಬಿಟ್ಟು ಹೇಳಲು ಬರುವುದಿಲ್ಲ. ಅವನು ಸಂದಿ ನೋಡಿದ್ದು, ಕೇಳಿದ್ದು, ನಾನು ಉತ್ತರ ಕೊಟ್ಟದ್ದು ಎಲ್ಲ ಬಂತು.

"ತೊಳದೀರೇನು ಅಂತ ಯಾಕ ಕೇಳಿದ?" ಅಂದಳು ಅಕ್ಕ. "ನೀ ತೊಳದಿದ್ದೇನು?"

ಆಗ ಎಣ್ಣೆ, ಬೂದಿ, ಒಂದು ಏಟು, ಏಳು ಏಟು ಎಲ್ಲ ಹೇಳಿದೆ. ವಿಭೂತಿ ಎಳೆದ ಬೆರಳು ನನ್ನದೆಂದು ಅವಳಿಗೆ ನೆನಪು ಮಾಡುವ ಅಗತ್ಯ ಬೀಳಲಿಲ್ಲ. ಅವಳು ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಬೈಯುತ್ತಾಳೆ ಅಂದುಕೊಂಡೆ.

"ನಾ ಒತ್ತಿಲ್ಲ ಅಂತ ಹೇಳಿದ್ರ ಯಾರೂ ನಂಬಲಿಲ್ಲ," ಅಂದಳು. "ನೀ ಹಿಂಗೇ ಇತ್ತು ಅಂತ ಸುಳ್ಳ ಹೇಳಿದ್ರ ಮೂವತ್ತು ಮಂದಿ ನಂಬಿದ್ರು. ಬೂದಿ ಮಾತು ನಾಳಿ ಯಾರಿಗರ ಗೊತ್ತಾತು ಅನ್ನು. ಅಕ್ಕ ತಮ್ಮ ಇಬ್ರೂ ಸುಳ್ಳರು ಅಂತಾರ. ನನ್ನ ಖರೇನೂ ನಿನ್ನ ಸುಳ್ಳಿನ ಕೂಡ ಹೋಗತದ."

"ಅಂವ ಅಡಗ್ತಿದ್ದ ಅಕ್ಕಾ."

"ನೀ ಅಡಗೀದೆಲ್ಲ. ಬರೂ ಸಂತಿಗಿ ನಾನೂ ಬರ್ತೀನಿ."

ಬಂದಳು. ಆ ವಾರ ತಾಡಪಾಲಿನ ಮೇಲೆ ಚಾಕುಗಳಿರಲಿಲ್ಲ. ಬ್ಯಾಟರಿ, ಬೀಗ ಅಷ್ಟೇ. ಅಕ್ಕ ಸೆರಗು ಬಿಗಿದುಕೊಂಡು ಅವನ ಎದುರಿಗೆ ಕುಳಿತಳು. ಹಿಂದಿನ ವಾರದ ಮಂದಿ ನನ್ನ ಮುಖ ಗುರುತು ಹಿಡಿದು ಕೂಡತೊಡಗಿದರು.

"ಉಳ್ಳಾಗಡ್ಡಿ ಕೈ ಅಂದಾಂವ ನೀನೇನು?"

"ಆತಲ್ರಿ ಅಕ್ಕೋರ, ತಪ್ಪಾತು ಅಂತ ಹೇಳೀನಿ ಅವತ್ತೇ."

"ನನಗ ಹೇಳಿಲ್ಲ. ನನ್ನ ಮುಂದ ಹೇಳು."

ಅವನು ಹೇಳಿದ. ಅಕ್ಕ ತಲೆ ಅಲ್ಲಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ನೀ ಹೇಳು."

ನಾನು ಹೇಳಿದೆ. ಅಕ್ಕ ಕೊಯ್ದ ದಿನ ಚಾಕು ಸ್ವಚ್ಛ ಇರಲಿಲ್ಲ, ಖಂಡೆ ಪೂಜೆಯಲ್ಲಿ ಎಣ್ಣೆ ಮತ್ತು ವಿಭೂತಿ ತುಂಬಿದ್ದೆ, ಅದು ಇದ್ದಾಗ ಒಂದೇ ಏಟಿಗೆ ಬಿತ್ತು, ತೊಳೆದ ಮೇಲೆ ಏಳಕ್ಕೆ ಬಿತ್ತು, ಇದನ್ನು ತಿಳಿದೂ ಮುಚ್ಚಿಟ್ಟೆ. ಐದು ವಾಕ್ಯ, ಅಷ್ಟೇ. ಬಳೆಯವಳು "ಅಯ್ಯ ಶಿವನೇ" ಅಂದಳು.

ಸಂತೆಯವನು ಜಿಗಿದು ಎದ್ದ. "ಕೇಳಿದ್ರೇನು! ಕೇಳಿದ್ರಿಲ್ಲೋ ಎಲ್ರೂ! ಅವತ್ತೇ ಕೇಳಿದೆ ನಾ, ತೊಳದೀರೇನು ಅಂತ. ನನ್ನ ಮಾನ ಕಳದು ಹೋದ್ರಲ್ರಿ ನೀವು! ಎಣ್ಣಿ ಸುರುವಿ, ಬೂದಿ ಮೆತ್ತಿ, ಮಾಲು ಖೊಟ್ಟಿ ಅಂತೀರೇನು?"

"ನೀ ಕುಂದ್ರು," ಅಂದಳು ಅಕ್ಕ. ಕೂಗಲಿಲ್ಲ. "ಇಂವಾ ಮೆತ್ತಿದ್ದು ಒಂದು ಚಾಕಿಗಿ. ಇಲ್ಲಿ ಎಂಟು ಬಿದ್ದಾವ. ಅವ್ಕ ಯಾವ ದೇವ್ರು ಬೂದಿ ಹಚ್ಚಿದ್ದ? ಏಳು ಏಟಿಗಿ ಬೀಳೂ ಲಾಕು ಮಾರಿದಾಂವ ನೀ. ಅದನ್ನ ಒಂದೇ ಏಟಿಗಿ ತಂದಾಂವ ಇಂವ, ನನ್ನ ತಮ್ಮ. ನಿಮ್ಮಿಬ್ಬರ ನಡುವ ನನ್ನ ಕೈ ಇತ್ತು. ಅದು ಏನೂ ತಪ್ಪು ಮಾಡಿಲ್ಲ. ಇಷ್ಟೇ. ಎಲ್ಲಾರೂ ಕೇಳೀರಿ."

ಎದ್ದಳು. ನನ್ನನ್ನು ಕಾಯದೆ ಟಂಟಂ ನಿಲ್ಲುವ ಕಡೆ ನಡೆದಳು. ಅವನು ನನ್ನನ್ನು ನೋಡುತ್ತಿದ್ದ, ನಾನು ಅವನನ್ನು. ಅವನ ಮೇಲಿನ ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಇಂದಿಗೂ ಇಳಿದಿಲ್ಲ. ಅದರ ಪಕ್ಕದಲ್ಲಿ ನನ್ನ ಮೇಲಿನ ಸಿಟ್ಟೂ ಬಂದು ಕುಳಿತಿದೆ, ಇಷ್ಟೇ ವ್ಯತ್ಯಾಸ. ಆಮೇಲೆ ಅವನು ಕೆಂಭಾವಿಗೆ ಚಾಕು ತರಲಿಲ್ಲ ಎಂದು ಕೇಳಿದ್ದೇನೆ. ಬೇರೆ ಸಂತೆಗೆ ಒಯ್ಯುತ್ತಿದ್ದನೋ ಏನೋ, ಕಂಡಿಲ್ಲ, ಹೇಳುವುದಿಲ್ಲ.

ಆ ಮಾತು ನಾವು ಊರು ಮುಟ್ಟುವ ಮೊದಲೇ ಮುಟ್ಟಿತ್ತು. ಭಾವ ಬಾಗಿಲಲ್ಲಿ ನಿಂತಿದ್ದ. ಅಕ್ಕ ಚಪ್ಪಲಿ ಬಿಟ್ಟು, ಹಿತ್ತಲಿಗೆ ಹೋಗಿ ಕಾಲಿಗೆ ನೀರು ಹಾಕಿಕೊಂಡು ಬಂದಳು. ಅವನು ಗಂಟಲು ಸರಿಮಾಡಿಕೊಂಡ.

"ಹಂಗಾದ್ರ ನೀ ಒತ್ತಿರಲಿಲ್ಲ."

"ನಾ ಹೇಳಿದ್ದು ಆಸ್ಪತ್ರ್ಯಾಗೇ."

"ಹ್ಞಾಂ, ಹೇಳಿದ್ದಿ." ಒಂದು ಹೆಜ್ಜೆ ಹತ್ತಿರ ಬಂದ. "ಎಲ್ಲಿ, ಕೈ ತೋರಿಸು. ಹೆಂಗ ಅದ ನೋಡೋಣು."

"ಮೂವತ್ತು ಮಂದಿ ನೋಡ್ಯಾರ," ಅಂದಳು ಅಕ್ಕ. "ಅವರನ್ನ ಕೇಳ್ಕೋ."

ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದಳು.